ಸೇಬಿನಲ್ಲಿ ಹೂವು ಭರ್ತಿ, ಕಾಯಿ ಮಾತ್ರ ನಿಲ್ಲುತ್ತಿಲ್ಲ: ಯಾವ ಚೋದಕ, ಯಾವ ಹಂತದಲ್ಲಿ, ಎಷ್ಟು ಪಿಪಿಎಂ?

ಮಲೆಸೇಬು
ಶಿಮ್ಲಾ ಜಿಲ್ಲೆಯಲ್ಲಿ ಸುಮಾರು 7000 ಅಡಿ ಎತ್ತರದ ತೋಟ. ಮುಕ್ಕಾಲು ಪಾಲು ರಾಯಲ್ ಡೆಲಿಷಸ್, ಉಳಿದದ್ದು ರೆಡ್ ಚೀಫ್ ಮತ್ತು ಒರೆಗಾನ್ ಸ್ಪರ್. ಬೇಲಿ ಬದಿಗೆ ನಾಲ್ಕಾರು ಗೋಲ್ಡನ್ ಡೆಲಿಷಸ್. ಏಪ್ರಿಲ್‌ನಲ್ಲಿ ಗಿಡ ಬಿಳಿಯಾಗುವಷ್ಟು ಹೂ ಬರುತ್ತದೆ, ದಳ ಉದುರಿದ ಎರಡು ವಾರಕ್ಕೆ ಗೊಂಚಲಿಗೊಂದು ಕಾಯಿಯೂ ಇರುವುದಿಲ್ಲ. ಕಾಯಿ ನಿಲ್ಲಿಸುವ ಚೋದಕ (ಗಿಡದ ಹಾರ್ಮೋನು) ಕೇಳಿದರೆ ಅಂಗಡಿಯಲ್ಲಿ ಒಬ್ಬರು ಪ್ರೊಮಾಲಿನ್ ಅನ್ನುತ್ತಾರೆ, ಇನ್ನೊಬ್ಬರು ಪ್ಲಾನೋಫಿಕ್ಸ್, ಮತ್ತೊಬ್ಬರು ಟ್ರೈಯಾಕಾಂಟನಾಲ್. 200 ಲೀಟರ್ ಡ್ರಮ್ಮಿನ ಲೆಕ್ಕದಲ್ಲಿ, ಹಂತದ ಸಮೇತ ಹೇಳಿದರೆ ಉಪಕಾರ.

ಬೀಜಕೋಶ
ಔಷಧಿ ಆಮೇಲೆ. ಮೊದಲು ಉದುರಿದ್ದನ್ನು ಆರಿಸಿ ನೋಡಿ. ಉದುರುವುದು ಒಂದೇ ಸಲ ಅಲ್ಲ, ಮೂರು ಅಲೆಯಲ್ಲಿ, ಮೂರಕ್ಕೂ ಕಾರಣ ಬೇರೆ.

ದಳದ ಜೊತೆಗೇ ಅಥವಾ ಒಂದು ವಾರದೊಳಗೆ ತೊಟ್ಟು ಹಳದಿಯಾಗಿ ಉದುರಿದರೆ ಅದು ಪರಾಗ ಸಿಗದ, ಅಥವಾ ಸಿಕ್ಕರೂ ಗರ್ಭಕಟ್ಟದ ಹೂ. ಬಟಾಣಿ ಗಾತ್ರಕ್ಕೆ ಬಂದು ಉದುರಿದರೆ ಅರೆಬರೆ ಗರ್ಭಕಟ್ಟಿದ್ದು, ಬೀಜ ಕಡಿಮೆ ಇರುವಂಥದ್ದು, ಇಲ್ಲವೇ ಆ ದಿನಗಳಲ್ಲಿ ಮೋಡ ಮುಸುಕಿ ರಾತ್ರಿ ಸೆಕೆಯಾಗಿ ಗಿಡದ ಸಕ್ಕರೆ ಸಾಲದೆ ಬಂದದ್ದು. ಕೊಯ್ಲಿಗೆ ಎರಡು ಮೂರು ವಾರ ಇರುವಾಗ ಉದುರುವುದು ಎಥಿಲೀನಿನ (ಕಾಯಿ ಮಾಗಿಸುವ, ಗಿಡದೊಳಗಿನ ಅನಿಲ ಚೋದಕ) ಕೆಲಸ. ಕಾಯಿ ನಿಲ್ಲಿಸುವ ಔಷಧಿ ಎಂದು ಅಂಗಡಿಯವರು ಒಂದೇ ಹೆಸರು ಹೇಳಿದರೆ ಈ ಮೂರರಲ್ಲಿ ಯಾವುದಕ್ಕೆ ಎಂದು ಕೇಳಿ.

ಬಟಾಣಿ ಗಾತ್ರದ 20–30 ಕಾಯಿ ಆರಿಸಿ, ಬ್ಲೇಡಿನಿಂದ ಅಡ್ಡಡ್ಡ ಕತ್ತರಿಸಿ. ಐದು ಕೋಣೆ ಕಾಣುತ್ತವೆ, ಕೋಣೆಗೆ ಸಾಮಾನ್ಯವಾಗಿ ಎರಡು ಅಂಡ, ಅಂದರೆ ಹತ್ತು ಬೀಜಕ್ಕೆ ಅವಕಾಶ. ಗಿಡದಲ್ಲೇ ಉಳಿದ ಕಾಯಿಯಲ್ಲಿ ಆರು ಏಳು ಇದ್ದು ಉದುರಿದ್ದರಲ್ಲಿ ಸೊನ್ನೆಯೋ ಎರಡೋ ಇದ್ದರೆ ಸಮಸ್ಯೆ ಪರಾಗಸ್ಪರ್ಶದ್ದು. ಎರಡರಲ್ಲೂ ಬೀಜ ಚೆನ್ನಾಗಿದ್ದರೆ ಗಿಡದ ಶಕ್ತಿ, ನೆರಳು, ಚಿಗುರಿನ ಪೈಪೋಟಿ ನೋಡಬೇಕು.

ಇನ್ನೊಂದು, ನೀವು ಬರೆದ ತಳಿಗಳ ಪಟ್ಟಿಯಲ್ಲೇ ಉತ್ತರ ಅರ್ಧ ಇದೆ. ರಾಯಲ್, ರೆಡ್ ಚೀಫ್, ಒರೆಗಾನ್ ಸ್ಪರ್ ಮೂರೂ ಡೆಲಿಷಸ್‌ನ ರೂಪಾಂತರಗಳೇ. ಬಣ್ಣ, ಗೆಣ್ಣಿನ ಅಂತರ ಬದಲಾಗಿದೆ, ಪರಾಗದ ಗುರುತು ಬದಲಾಗಿಲ್ಲ. ಒಂದರ ಪರಾಗವನ್ನು ಇನ್ನೊಂದರ ಶಲಾಕೆ (ಹೂವಿನ ನಡುವಿನ ಹೆಣ್ಣು ಅಂಗ) ತನ್ನದೇ ಎಂದು ತಿಳಿದು ದಾರಿಯಲ್ಲೇ ತಡೆಯುತ್ತದೆ. ಹಾಗಾಗಿ ಪರಾಗದಾನಿ ಅಂತ ನಿಮ್ಮಲ್ಲಿರುವುದು ಬೇಲಿ ಬದಿಯ ಆ ನಾಲ್ಕಾರು ಗೋಲ್ಡನ್ ಮಾತ್ರ.

ಮಲೆಸೇಬು
ಕಳೆದ ಹಂಗಾಮಿನ ಟಿಪ್ಪಣಿಯಲ್ಲಿ ಬೀಜದ ಎಣಿಕೆ ಇದೆ. ಉದುರಿದ್ದರಲ್ಲಿ ಹೆಚ್ಚಿನವು ಸೊನ್ನೆ, ಕೆಲವಕ್ಕೆ ಒಂದು ಎರಡು. ಉಳಿದವು ವಕ್ರ, ಒಂದು ಬದಿ ಚಪ್ಪಟೆ. ಪರಾಗದಾನಿ ಕಸಿ ಮಾಡಿ ಹೂ ಬರಲು ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಚೋದಕದಿಂದ ಏನೂ ಆಗುವುದಿಲ್ಲವೇ?

ದ್ರಾಕ್ಷಿಪಡಕು
ನಮ್ಮ ವಿಜಯಪುರ ಕಡೆ ದ್ರಾಕ್ಷಿಗೆ ಜಿಎ (ಜಿಬ್ಬರೆಲಿಕ್ ಆಮ್ಲ) ಇಲ್ದ ಮಾತೇ ಇಲ್ಲರೀ. ಗೊನೆ ಉದ್ದ ಆಗಾಕ ಒಮ್ಮೆ, ಕಾಳು ದಪ್ಪ ಆಗಾಕ ಮತ್ತ ಅದ್ದೋದು. ಥಾಮ್ಸನ್‌ನಾಗ ಬೀಜನೇ ಇಲ್ಲ, ಆದ್ರೂ ಕಾಳು ನಿಂದರ್ತದ. ಸೇಬಿಗೂ ಬೀಜ ಆಗ್ಲಿಲ್ಲಂದ್ರ ಜಿಎ ಹೊಡದ್ರ ಆಯ್ತಲ್ಲ? ನಮ್ಮಲ್ಲಿ ಸಿಗೋ 40 ಪರ್ಸೆಂಟ್ ಪುಡಿ ಸಸ್ತಾನೂ ಅದ.

ಬೀಜಕೋಶ
ಪ್ರಶ್ನೆ ಸರಿಯಾದ ಜಾಗಕ್ಕೇ ಬಂತು. ನಿಮ್ಮ ಪುಡಿ ಜಿಎ3. ಸೇಬಿನಲ್ಲಿ ಕಾಯಿ ನಿಲ್ಲಿಸಲು ಬಳಸುವುದು ಜಿಎ4 ಮತ್ತು ಜಿಎ7ರ ಮಿಶ್ರಣ, ಅದರ ಜೊತೆ ಸೈಟೋಕೈನಿನ್ (ಕೋಶ ವಿಭಜನೆ ಹೆಚ್ಚಿಸುವ ಚೋದಕ) ಆದ 6-ಬೆಂಝೈಲ್ ಅಡೆನಿನ್, ಅಂದರೆ ಬಿಎ. ಪ್ರೊಮಾಲಿನ್ ಅಂದರೆ ಇದೇ, ಎರಡೂ ತಲಾ 1.8 ಪ್ರತಿಶತ.

ಜಿಎ3 ಯಾಕೆ ಬೇಡ ಅಂದರೆ, ದ್ರಾಕ್ಷಿಗೆ ನೀವು ವರ್ಷವರ್ಷ ಚಾಟನಿ (ಕೊಂಬೆ ಸವರುವುದು) ಮಾಡುತ್ತೀರಿ, ಹಣ್ಣಿನ ಕಣ್ಣು ಕಡ್ಡಿಯಲ್ಲಿ ಬೇರೆ ವೇಳೆಯಲ್ಲಿ ತಯಾರಾಗುತ್ತದೆ. ಸೇಬಿನಲ್ಲಿ ಮುಂದಿನ ವರ್ಷದ ಹೂಮೊಗ್ಗು ಈ ವರ್ಷದ ಕಾಯಿ ಎಳೆಯದಿರುವಾಗಲೇ, ಹೂ ಬಿಟ್ಟ ಕೆಲವು ವಾರಗಳಲ್ಲಿ, ಹೂ ಬಿಡುವ ಅದೇ ಗಿಡ್ಡ ಕಡ್ಡಿಯಲ್ಲಿ, ಅಂದರೆ ಸ್ಪರ್‌ನಲ್ಲಿ ನಿರ್ಧಾರವಾಗುತ್ತದೆ. ಆ ಹೊತ್ತಿಗೆ ಜಿಎ ಹೆಚ್ಚಾದರೆ ಮೊಗ್ಗು ಎಲೆಯಾಗುತ್ತದೆ, ಹೂವಾಗುವುದಿಲ್ಲ. ಜಿಎ3 ಮತ್ತು ಜಿಎ7 ಇದನ್ನು ಜೋರಾಗಿ ಮಾಡುತ್ತವೆ, ಜಿಎ4 ಕಡಿಮೆ. ವರ್ಷ ಬಿಟ್ಟು ವರ್ಷ ಫಸಲು ಬರುವುದಕ್ಕೂ ಇದೇ ಮೂಲ: ಕಾಯಿ ತುಂಬಿದ ವರ್ಷ ಬೀಜಗಳೇ ಜಿಎ ಉತ್ಪಾದಿಸಿ ಮುಂದಿನ ಮೊಗ್ಗನ್ನು ತಡೆಯುತ್ತವೆ. ಈಗ ಅಗ್ಗದ ಪುಡಿ ಸುರಿದು ನಾಲ್ಕು ಕಾಯಿ ಹೆಚ್ಚು ನಿಲ್ಲಿಸಿಕೊಂಡು ಮುಂದಿನ ಏಪ್ರಿಲ್‌ನಲ್ಲಿ ಬರೀ ಎಲೆ ನೋಡುವ ವ್ಯಾಪಾರ ಯಾರಿಗೂ ಬೇಡ.

ಹಿಮಗಾಲ_ಮಿಶಿಗನ್
ಜಿಎ4+7 ಮತ್ತು ಬಿಎ ಮಿಶ್ರಣದ ಬಗ್ಗೆ ಇಲ್ಲಿನ ಪದ್ಧತಿ ಹೇಳುತ್ತೇನೆ. ಅಮೆರಿಕದಲ್ಲಿ ಇದರ ಮಾಮೂಲು ಬಳಕೆ ಕಾಯಿಕಚ್ಚಿಸಲು ಅಲ್ಲವೇ ಅಲ್ಲ. ಸೆಕೆ ಪ್ರದೇಶದಲ್ಲಿ ರೆಡ್ ಡೆಲಿಷಸ್ ಗುಂಡಗಾಗಿ ಬರುತ್ತದೆ, ಅದಕ್ಕೆ ಉದ್ದ ಮೂತಿ, ಐದು ಉಬ್ಬು ಬರಿಸಲು. ನಡುಹೂ ಅರಳಿದಾಗಿನಿಂದ ದಳ ಉದುರಲು ಶುರುವಾಗುವವರೆಗೆ, ಎಕರೆಗೆ ಒಂದರಿಂದ ಎರಡು ಪಿಂಟ್.

ಎರಡನೆಯ ಬಳಕೆ ಹೂವಿನ ಹೊತ್ತಿಗೆ ಹಿಮ ಬಿದ್ದಾಗ. ಪೂರ್ಣ ಅರಳಿದ ಹಂತದಲ್ಲಿ ಮೈನಸ್ 2.2 ಡಿಗ್ರಿಗೆ ಅರ್ಧ ಗಂಟೆ ಇದ್ದರೆ ಹತ್ತರಲ್ಲೊಂದು ಹೂ ಸಾಯುತ್ತದೆ, ಮೈನಸ್ 3.9ಕ್ಕೆ ಹತ್ತರಲ್ಲಿ ಒಂಬತ್ತು. ಶಲಾಕೆ ಮತ್ತು ಅಂಡ ಮೊದಲು ಸಾಯುತ್ತವೆ, ತೊಟ್ಟು ಮತ್ತು ಹೂಬಟ್ಟಲಿನ ತಿರುಳು ಸ್ವಲ್ಪ ತಡೆದುಕೊಳ್ಳುತ್ತದೆ. ಆ ತಿರುಳು ಬದುಕಿದ್ದರೆ, ಬೀಜ ಕೊಡಬೇಕಾದ ಚೋದಕವನ್ನು ಹೊರಗಿನಿಂದ ಕೊಟ್ಟು ಬೀಜವಿಲ್ಲದ ಕಾಯಿ ನಿಲ್ಲಿಸುವ ಪ್ರಯತ್ನ ಇದು. ಹಿಮ ಬಿದ್ದ 24–48 ಗಂಟೆಯೊಳಗೆ ಒಂದೇ ಸಲ. ಗಿಡ ಕರಗಿ, ಒಣಗಿ, ಬಿಸಿಲು ಬಂದ ಮೇಲೆ.

ಫಲಿತಾಂಶ ಏಕರೂಪ ಅಲ್ಲ. ಕೆಲವು ಪ್ರಯೋಗದಲ್ಲಿ ಕಾಯಿ ನಿಂತಿದೆ, ಕೆಲವದರಲ್ಲಿ ಸಿಂಪಡಿಸದ ಸಾಲಿಗೂ ಸಿಂಪಡಿಸಿದ ಸಾಲಿಗೂ ವ್ಯತ್ಯಾಸವೇ ಇಲ್ಲ. ತಿರುಳೂ ಸತ್ತ ಹೂವಿಗೆ ಏನು ಹೊಡೆದರೂ ದಂಡ. 2012ರಲ್ಲಿ ಇಲ್ಲಿ ಮಾರ್ಚ್‌ನಲ್ಲೇ ಬೇಸಿಗೆಯಂಥ ಬಿಸಿಲು ಬಿದ್ದು ಗಿಡ ವಾರಗಟ್ಟಲೆ ಬೇಗ ಒಡೆಯಿತು, ಏಪ್ರಿಲ್ ಹಿಮಕ್ಕೆ ರಾಜ್ಯದ ಫಸಲಿನ ಬಹುಪಾಲು ಹೋಯಿತು. ಅಂಥ ವರ್ಷ ಬಾಟಲಿ ಔಷಧಿಯಿಂದ ಫಸಲು ಉಳಿಸುವುದು ಕಷ್ಟ. ನಿಂತ ಕಾಯಿಯೂ ಉದ್ದುದ್ದ, ಸಣ್ಣದು, ಬೀಜ ಇಲ್ಲದ್ದರಿಂದ ಸುಣ್ಣದ ಅಂಶ ಕಡಿಮೆ, ಮುಂದಿನ ಉದುರುವಿಕೆಯಲ್ಲಿ ಇದೇ ಮೊದಲು ಹೋಗುವುದು.

ಸಿಂಪಡಿಸುವ ಮೊದಲು ಎಣಿಸಿ. ಹಿಮ ಬಿದ್ದ ದಿನ ಮಧ್ಯಾಹ್ನದ ನಂತರ ಹೂವನ್ನು ಉದ್ದಕ್ಕೆ ಸೀಳಿ, ನಡುವಿನ ಶಲಾಕೆ ಹಸಿರಿದ್ದರೆ ಜೀವ ಇದೆ, ಕಂದಾದರೆ ಹೋಯಿತು. ಬೆಳಿಗ್ಗೆ ನೋಡಿದರೆ ಎಲ್ಲವೂ ಹಸಿರಾಗಿಯೇ ಕಂಡು ಮೋಸ ಹೋಗುತ್ತೀರಿ. ಒಂದು ಗಿಡಕ್ಕೆ ಸಾವಿರ ಗೊಂಚಲು, ಗೊಂಚಲಿಗೆ ಐದು ಹೂ ಅಂದರೆ ಐದು ಸಾವಿರ. ಫಸಲಿಗೆ ಅದರ 5–10 ಪ್ರತಿಶತ ಸಾಕು. ನಡುಹೂ ಎಲ್ಲಾ ಸತ್ತು ಬದಿಹೂ ಮೂರರಲ್ಲಿ ಒಂದು ಉಳಿದಿದ್ದರೂ ಆ ತೋಟಕ್ಕೆ ಔಷಧಿಯ ಹಂಗಿಲ್ಲ.

ಮಲೆಸೇಬು
ನಮ್ಮಲ್ಲಿ ಹಿಮದ ಏಟಲ್ಲ. ಹೂವಿನ ವಾರ ಮಳೆ, ಚಳಿ, ಜೇನುಹುಳ ಹಾರಲ್ಲ. ಅದಕ್ಕೂ ಪ್ರೊಮಾಲಿನ್ ನಡೆಯುತ್ತದೆಯೇ?

ಬೀಜಕೋಶ
ನಡೆಯಬಹುದು, ನೆಚ್ಚಬೇಡಿ. ಚಳಿ ಹೂವಿನ ಲೆಕ್ಕ ಸ್ವಲ್ಪ ಬೇರೆ. 1960ರ ದಶಕದಲ್ಲಿ ಇಂಗ್ಲೆಂಡಿನ ಲಾಂಗ್ ಆಶ್ಟನ್‌ನಲ್ಲಿ ಆರ್. ಆರ್. ವಿಲಿಯಮ್ಸ್ ಒಂದು ಸರಳ ಕಳೆಯುವ ಲೆಕ್ಕ ಕೊಟ್ಟರು: ಅಂಡ ಎಷ್ಟು ದಿನ ಬದುಕಿರುತ್ತದೋ ಅದರಲ್ಲಿ ಪರಾಗನಾಳ ಅಂಡ ಮುಟ್ಟಲು ಬೇಕಾದ ದಿನಗಳನ್ನು ಕಳೆಯಿರಿ, ಉಳಿದದ್ದು ಪರಾಗಕ್ಕೆ ಇರುವ ಅವಕಾಶ. ಸರಾಸರಿ 15 ಡಿಗ್ರಿ ಇದ್ದರೆ ನಾಳಕ್ಕೆ ಎರಡು ದಿನ ಸಾಕು. 10 ಡಿಗ್ರಿಗೆ ಒಂದು ವಾರ. 5 ಡಿಗ್ರಿಗೆ ಹನ್ನೆರಡು ದಿನ, ಅಷ್ಟರಲ್ಲಿ ಅಂಡವೇ ಮುದಿಯಾಗಿರುತ್ತದೆ. ಡೆಲಿಷಸ್‌ನಲ್ಲಿ ಈ ಅವಕಾಶ ಎರಡು ಮೂರು ದಿನಕ್ಕೂ ಇಳಿಯುವುದುಂಟು, ಗೋಲ್ಡನ್‌ನಲ್ಲಿ ಅದು ಉದ್ದ. ಒಂದೇ ತೋಟದಲ್ಲಿ ಗೋಲ್ಡನ್ ಕಾಯಿ ತುಂಬಿ ರಾಯಲ್ ಬೋಳಾಗುವುದಕ್ಕೆ ಇದೂ ಒಂದು ಕಾರಣ.

ಈ ಅವಧಿಯನ್ನೇ ಹಿಗ್ಗಿಸುವ ಚೋದಕ ಇದ್ದರೆ ಅದು ಎವಿಜಿ, ಅಂದರೆ ಅಮೈನೋಈಥಾಕ್ಸಿವಿನೈಲ್‌ಗ್ಲೈಸಿನ್. ಗಿಡದೊಳಗೆ ಎಥಿಲೀನ್ ತಯಾರಾಗುವುದನ್ನೇ ತಡೆಯುತ್ತದೆ. ಹೂ ಮುದಿಯಾಗುವುದು, ತೊಟ್ಟಿನ ಬುಡ ಕಳಚುವುದು ಎರಡೂ ಎಥಿಲೀನಿನಿಂದ, ಅದನ್ನು ತಡೆದರೆ ಹೂ ಇನ್ನಷ್ಟು ಹೊತ್ತು ಗಟ್ಟಿಯಾಗಿ ನಿಲ್ಲುತ್ತದೆ. ಗುಲಾಬಿ ಮೊಗ್ಗಿನಿಂದ (ಅರಳುವ ಮುನ್ನ ಮೊಗ್ಗು ಗುಲಾಬಿ ಬಣ್ಣ ತೋರುವ ಹಂತ) ಪೂರ್ಣ ಅರಳುವವರೆಗಿನ ಹಂತಕ್ಕೆ ಕೊಟ್ಟಾಗ ಸೇಬಿನ ಪ್ರಯೋಗಗಳಲ್ಲಿ ಕಾಯಿಕಚ್ಚುವಿಕೆ ಸ್ಪಷ್ಟವಾಗಿ ಏರಿದೆ. ಎವಿಜಿ ಮಾರಾಟವಾಗುವುದು ರೀಟೇನ್ ಹೆಸರಿನಲ್ಲಿ, 15 ಪ್ರತಿಶತದ ಪುಡಿ, 125 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಮಾಡಲು 200 ಲೀಟರಿಗೆ 167 ಗ್ರಾಂ. ಲೆಕ್ಕ ನೋಡಿದರೆ ಸಾಕು, ದುಬಾರಿ ಅಂತ ಗೊತ್ತಾಗುತ್ತದೆ. ಲೇಬಲ್ಲಿನಲ್ಲಿ ಸೇಬಿಗೆ ಬರೆದಿರುವ ಮುಖ್ಯ ಬಳಕೆ ಕೊಯ್ಲಿಗೆ ಸುಮಾರು ನಾಲ್ಕು ವಾರ ಮುಂಚೆ, ಹಣ್ಣು ಉದುರದಿರಲು. ಆ ಡೋಸನ್ನು ಹೂವಿನ ಡೋಸಿಗೆ ಬೆರೆಸಿಕೊಳ್ಳಬೇಡಿ. ನಿಮ್ಮ ಪ್ರದೇಶದಲ್ಲಿ ನೋಂದಣಿ ಇಲ್ಲದ ಪುಡಿಯನ್ನು ಚೀಲ ಬಿಚ್ಚಿ ಮಾರುವವರಿಂದ ಕೊಳ್ಳಲೂ ಬೇಡಿ.

ಒಂದು ಮಿತಿ ಇದೆ. ಎವಿಜಿ ಪರಾಗ ತಂದುಕೊಡುವುದಿಲ್ಲ, ಸಮಯ ಮಾತ್ರ ಕೊಡುತ್ತದೆ. ಆ ಸಮಯದಲ್ಲಿ ಹುಳ ಬರಬೇಕು, ಬಂದ ಹುಳದ ಮೈಮೇಲೆ ಗೋಲ್ಡನ್ ಪರಾಗ ಇರಬೇಕು.

ಚಿಲ್ಲಿಬ್ಯಾಡಗಿ
ಪ್ಲಾನೋಫಿಕ್ಸ್ ಯಾಕೆ ಯಾರೂ ಹೇಳ್ತಿಲ್ಲ? ಮೆಣಸಿನಕಾಯಿ, ಹತ್ತಿ, ಮಾವು ಎಲ್ಲದಕ್ಕೂ ಹೂ ಉದುರು ತಡೆಯಲು ಹಾವೇರಿ ಕಡೆ ಇದೇ ಹೊಡೆಯೋದು. ದಳ ಉದುರಿದ ಕೂಡಲೇ ಒಂದು ಸಲ ಕೊಟ್ಟರೆ ನಿಲ್ಲಲ್ವಾ?

ಡ್ರಮ್ಮುಲೆಕ್ಕ
ದಯವಿಟ್ಟು ಬೇಡ. ಪ್ಲಾನೋಫಿಕ್ಸ್‌ನಲ್ಲಿರುವುದು ಎನ್‌ಎಎ ಎಂಬ ಆಕ್ಸಿನ್ ಜಾತಿಯ ಚೋದಕ. ಸೇಬಿನಲ್ಲಿ ಎನ್‌ಎಎ ದಳ ಉದುರಿದ ನಂತರ ಕೊಟ್ಟರೆ ಕಾಯಿ ಉದುರಿಸುತ್ತದೆ. ಕಾಯಿ ವಿರಳ ಮಾಡಲು ಪ್ರಪಂಚದಾದ್ಯಂತ ಬಳಸುವ ಔಷಧಿಯೇ ಅದು. ಅದೇ ಬಾಟಲಿ, ಅದೇ 10 ಪಿಪಿಎಂ, ಕೊಯ್ಲಿನ ಮುಂಚೆ ಕೊಟ್ಟರೆ ಕಾಯಿ ಹಿಡಿದು ನಿಲ್ಲಿಸುತ್ತದೆ. ಎಳೆಕಾಯಿ ಹಂತದಲ್ಲಿ ಎನ್‌ಎಎ ಬಿದ್ದರೆ ಎಥಿಲೀನ್ ಏರುತ್ತದೆ, ಎಲೆಯಿಂದ ಕಾಯಿಗೆ ಹೋಗುವ ಆಹಾರ ಕೆಲವು ದಿನ ಕುಗ್ಗುತ್ತದೆ, ದುರ್ಬಲ ಕಾಯಿ ಕಳಚಿಕೊಳ್ಳುತ್ತದೆ. ಬಲಿತ ಕಾಯಿಯ ಹಂತದಲ್ಲಿ ಅದೇ ಆಕ್ಸಿನ್ ತೊಟ್ಟಿನ ಕಳಚುವ ಪದರವನ್ನು ತಡೆಯುತ್ತದೆ. ಸೇಬಿನ ತೋಟದಲ್ಲಿ ಚೋದಕದಿಂದಾಗುವ ಅತಿ ದುಬಾರಿ ತಪ್ಪು ಬಹುಶಃ ಇದೇ, ಯಾಕೆಂದರೆ ಒಂದೇ ಬಾಟಲಿಯ ಚೀಟಿಯಲ್ಲಿ ಹೂ ಉದುರುವಿಕೆ ತಡೆಗೆ ಎಂದು ಹತ್ತು ಬೆಳೆಯ ಹೆಸರು ಇರುತ್ತದೆ.

ಡೆಲಿಷಸ್, ಫ್ಯೂಜಿಯಲ್ಲಿ ಇನ್ನೊಂದು ತೊಂದರೆ. ಕಾಯಿ 15 ಮಿಲಿಮೀಟರ್ ದಾಟಿದ ಮೇಲೆ ಎನ್‌ಎಎ ಬಿದ್ದರೆ ಉದುರದೆ, ಬೆಳೆಯದೆ ಗೋಲಿಯಷ್ಟೇ ಆಗಿ ಕೊಯ್ಲಿನವರೆಗೂ ನೇತಾಡುತ್ತದೆ.

ಲೆಕ್ಕ: ಪಿಪಿಎಂ ಅಂದರೆ ಲೀಟರಿಗೆ ಮಿಲಿಗ್ರಾಂ. ಪ್ಲಾನೋಫಿಕ್ಸ್ 4.5 ಪ್ರತಿಶತ, ಒಂದು ಮಿಲಿಯಲ್ಲಿ 45 ಮಿಲಿಗ್ರಾಂ. 200 ಲೀಟರಿಗೆ 10 ಪಿಪಿಎಂ ಬೇಕಾದರೆ 2000 ಮಿಲಿಗ್ರಾಂ, ಭಾಗಿಸು 45, ಹತ್ತಿರ ಹತ್ತಿರ 45 ಮಿಲಿ. ಕೊಯ್ಲಿನ ಉದುರು ತಡೆಗೆ, ಮೊದಲ ಆರೋಗ್ಯವಂತ ಹಣ್ಣು ಬೀಳಲು ಶುರುವಾಗುವ ಹೊತ್ತಿಗೆ. ಹಿಡಿತ ಬರಲು ಎರಡು ಮೂರು ದಿನ ಬೇಕು, ಸುಮಾರು ಹತ್ತು ದಿನ ಇರುತ್ತದೆ. 20 ಪಿಪಿಎಂ ದಾಟಿಸಿದರೆ, ಅಥವಾ ಸೆಕೆಯಲ್ಲಿ ಮತ್ತೆ ಮತ್ತೆ ಹೊಡೆದರೆ ಹಣ್ಣು ಬೇಗ ಮೆತ್ತಗಾಗುತ್ತದೆ. ಶೈತ್ಯಾಗಾರಕ್ಕೆ ಹೋಗುವ ಮಾಲಿಗೆ ಅದು ಸಲ್ಲ.

ಪ್ರೊಮಾಲಿನ್ ಸುಮಾರು 23 ಪಿಪಿಎಂ, ಎರಡೂ ಅಂಶ ತಲಾ, ಮಾಡಲು ಲೀಟರಿಗೆ 1.25 ಮಿಲಿ, ಡ್ರಮ್ಮಿಗೆ 250 ಮಿಲಿ. ಇದನ್ನೇ ನೆನಪಿಟ್ಟುಕೊಂಡು ಇನ್ನೊಂದು ಜಿಬ್ಬರೆಲಿಕ್ ಬಾಟಲಿಗೆ ಅನ್ವಯಿಸಬೇಡಿ. ನಮ್ಮ ಮಾರುಕಟ್ಟೆಯಲ್ಲಿ 0.001 ಪ್ರತಿಶತದ ಜಿಬ್ಬರೆಲಿಕ್ ದ್ರಾವಣ ಸಿಗುತ್ತದೆ. ಅದರ 250 ಮಿಲಿಯಲ್ಲಿ ಇರುವುದು ಎರಡೂವರೆ ಮಿಲಿಗ್ರಾಂ ಮಾತ್ರ, ಡ್ರಮ್ಮಿನಲ್ಲಿ 0.0125 ಪಿಪಿಎಂ. ಅದೂ ಜಿಎ3. ಟ್ರೈಯಾಕಾಂಟನಾಲ್ ಕೂಡ ಹಾಗೆಯೇ, 0.05 ಮತ್ತು 0.1 ಪ್ರತಿಶತ ಎರಡೂ ಇವೆ, ಬಾಟಲಿ ನೋಡದೆ ಡ್ರಮ್ಮಿಗಿಷ್ಟು ಅನ್ನುವ ಮಾತಿಗೆ ಅರ್ಥವಿಲ್ಲ.

ಬೀಜಕೋಶ
ಟ್ರೈಯಾಕಾಂಟನಾಲ್ ಬಗ್ಗೆ ಒಂದು ಸಾಲು ಸೇರಿಸುತ್ತೇನೆ: ಅದು ಗಿಡದ ಚಟುವಟಿಕೆಗೆ ಸ್ವಲ್ಪ ಉತ್ತೇಜನ ಕೊಡುವಂಥದ್ದು, ಬೀಜವಿಲ್ಲದ ಕಾಯಿಯನ್ನು ನಿಲ್ಲಿಸುವ ತಾಕತ್ತು ಅದಕ್ಕಿಲ್ಲ. ಬೀಜ ಸೊನ್ನೆ ಇರುವ ತೋಟದಲ್ಲಿ ಅದಕ್ಕೆ ಹಣ ಹಾಕುವ ಮೊದಲು ಜೇನುಪೆಟ್ಟಿಗೆ ಬಾಡಿಗೆ ವಿಚಾರಿಸಿ.

ಯಾಕಿಮಾ_ಕನ್ನಡಿಗ
ಚಿಗುರಿನ ಪೈಪೋಟಿ ಇರುವ ತೋಟಕ್ಕೆ ಪ್ರೊಹೆಕ್ಸಾಡಯೋನ್ ಕ್ಯಾಲ್ಸಿಯಂ ಹೆಸರು ಬರಲೇ ಇಲ್ಲ. ಅದರ ಮಾರಾಟದ ಹೆಸರುಗಳಲ್ಲಿ ಅಮೆರಿಕದ ಅಪೋಜಿ 27.5 ಪ್ರತಿಶತ, ಯುರೋಪಿನ ರೆಗಾಲಿಸ್ 10 ಪ್ರತಿಶತ. ಇದು ಗಿಡದೊಳಗೆ ಜಿಎ ತಯಾರಿಕೆಯನ್ನು ತಡೆದು ಚಿಗುರು ಮೊಟಕು ಮಾಡುತ್ತದೆ. ಹೂವಿನ ಕೊನೆಗೆ, ಹೊಸ ಚಿಗುರು 2ರಿಂದ 5 ಸೆಂಟಿಮೀಟರ್ ಇರುವಾಗ ಮೊದಲ ಸಿಂಪಡಣೆ. ಆಗ ಚಿಗುರಿಗೆ ಹೋಗುವ ಸಕ್ಕರೆ ಎಳೆಕಾಯಿಗೆ ಉಳಿದು ಹಲವು ತಳಿಗಳಲ್ಲಿ ಕಾಯಿ ಹೆಚ್ಚು ನಿಲ್ಲುತ್ತದೆ. ಎಷ್ಟೆಂದರೆ ಕಾಯಿ ವಿರಳ ಮಾಡುವ ಔಷಧಿ ಕೆಲಸ ಮಾಡುತ್ತಿಲ್ಲ ಎಂದು ಬೆಳೆಗಾರರು ದೂರುವಷ್ಟು. ಕ್ಯಾಲ್ಸಿಯಂ ಸಿಂಪಡಣೆಯ ಜೊತೆ ಬೆರೆಸಬಾರದು, ಗಡುಸು ನೀರಾದರೆ ಮೊದಲು ಅಮೋನಿಯಂ ಸಲ್ಫೇಟ್ ಹಾಕಬೇಕು, ಇಲ್ಲವಾದರೆ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ. ಎಂಪೈರ್ ತಳಿಗೆ ಬೇಡ, ಹಣ್ಣು ಸೀಳುತ್ತದೆ.

ಇದು ಜಿಎ ತಡೆಯುವ ಔಷಧಿ, ಪ್ರೊಮಾಲಿನ್ ಜಿಎ ಕೊಡುವ ಔಷಧಿ. ಎರಡನ್ನೂ ಒಂದೇ ವಾರ ಒಂದೇ ಗಿಡಕ್ಕೆ ಹೊಡೆಯುವವರಿದ್ದಾರೆ.

ಹಿಮಗಾಲ_ಮಿಶಿಗನ್
ಸೈಟೋಕೈನಿನ್‌ನಂತೆ ಕೆಲಸ ಮಾಡುವ ಥೈಡಿಯಾಜ಼ುರಾನ್ ಬಗ್ಗೆಯೂ ಎಚ್ಚರಿಕೆ. ಹೂವಿನ ಹೊತ್ತಿಗೆ 10 ಪಿಪಿಎಂ ಆಸುಪಾಸು ಕೊಟ್ಟರೆ ಕಾಯಿಯೂ ನಿಲ್ಲುತ್ತದೆ, ಗಾತ್ರವೂ ಬರುತ್ತದೆ, ಆದರೆ ಆಕಾರ ಕೆಡುತ್ತದೆ, ಮುಂದಿನ ವರ್ಷದ ಹೂವೂ ಕಡಿಮೆ. ದರ್ಜೆ ನೋಡಿ ಬೆಲೆ ಕಟ್ಟುವ ಮಂಡಿಯಲ್ಲಿ ಸೊಟ್ಟ ಹಣ್ಣಿಗೆ ಯಾವ ದರ ಅಂತ ನಿಮಗೇ ಗೊತ್ತು.

ಮಲೆಸೇಬು
ಸರಿ, ಈ ಹಂಗಾಮಿಗೆ ಪರಾಗದ ಏರ್ಪಾಡೇ ಮೊದಲು ಅಂದಾಯಿತು. ತುರ್ತಾಗಿ ಏನು ಮಾಡಬಹುದು?

ಜೇನುಗೂಡು_ಸಿರಸಿ
ಹಿಮಾಚಲದಲ್ಲೇ ಚಾಲ್ತಿಯಲ್ಲಿರುವ ಉಪಾಯ ಹೂಗುಚ್ಛ ಕಟ್ಟುವುದು. ಗೋಲ್ಡನ್, ರೆಡ್ ಗೋಲ್ಡ್, ಟೈಡ್‌ಮ್ಯಾನ್, ಗಾಲಾ, ಇಲ್ಲವೇ ಮಂಚೂರಿಯನ್, ಸ್ನೋಡ್ರಿಫ್ಟ್‌ನಂಥ ಕಾಡುಸೇಬಿನ ಕೊಂಬೆಗಳನ್ನು ನೆರೆತೋಟದಿಂದ ತನ್ನಿ. ಕಾಲು ಭಾಗ ಅರಳಿ ಉಳಿದದ್ದು ಮೊಗ್ಗಿರಬೇಕು, ಪೂರ್ತಿ ಅರಳಿದ್ದನ್ನು ತಂದರೆ ಎರಡು ದಿನಕ್ಕೆ ಪರಾಗ ಖಾಲಿ. ತುದಿಯನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಅಥವಾ ಚೀಲದಲ್ಲಿ ಇಟ್ಟು, ರಾಯಲ್ ಗಿಡದ ನಡುಭಾಗದಲ್ಲಿ, ಹೊರಬದಿಗೆ, ಬಿಸಿಲು ತಾಗುವ ಕಡೆ ಕಟ್ಟಿ. ದಿನವೂ ನೀರು ತುಂಬಬೇಕು. ಗಿಡಕ್ಕೆ ಎರಡು ಮೂರು ಕಡೆ ಕಟ್ಟಿದರೆ ಒಳ್ಳೆಯದು.

ಪೆಟ್ಟಿಗೆಯನ್ನು ತೋಟದಲ್ಲಿ 5–10 ಪ್ರತಿಶತ ಹೂ ಅರಳಿದ ಮೇಲೆ ಇಡಿ. ಮೊದಲೇ ಇಟ್ಟರೆ ಹುಳಗಳು ಕೆಳಗಿನ ಸಾಸಿವೆ ಹೊಲಕ್ಕೋ ಕಾಡುಹೂವಿಗೋ ರೂಢಿಯಾಗಿ ಬಿಡುತ್ತವೆ, ಮತ್ತೆ ಸೇಬಿನ ಕಡೆ ತಿರುಗಿಸುವುದು ಕಷ್ಟ. ಬಾಗಿಲು ಪೂರ್ವ ಅಥವಾ ಆಗ್ನೇಯಕ್ಕೆ, ಬೆಳಗಿನ ಬಿಸಿಲು ಬೀಳುವಂತೆ. ವಿದೇಶಿ ಮೆಲಿಫೆರಾ ಹುಳ 12–13 ಡಿಗ್ರಿಗಿಂತ ಕೆಳಗೆ ಹೆಚ್ಚು ಹಾರುವುದಿಲ್ಲ. ನಮ್ಮ ತುಡುವೆ ಅದಕ್ಕಿಂತ ತುಸು ಚಳಿಯಲ್ಲೂ ಕೆಲಸ ಶುರು ಮಾಡುತ್ತದೆ, ಎತ್ತರದ ತೋಟಕ್ಕೆ ಅದರದ್ದೇ ಪೆಟ್ಟಿಗೆ ಸಿಕ್ಕರೆ ಬಿಡಬೇಡಿ.

ಡೆಲಿಷಸ್ ಹೂವಿನ ಒಂದು ವಿಚಿತ್ರ ಹೇಳಲೇಬೇಕು. ಅದರ ಕೇಸರಗಳ ಬುಡದಲ್ಲಿ ಸಂದು ಇರುತ್ತದೆ. ಮಕರಂದಕ್ಕೆ ಬಂದ ಹುಳ ಬೇಗ ಕಲಿತುಕೊಂಡು ದಳದ ಮೇಲೆ ಕುಳಿತು, ಪಕ್ಕದ ಸಂದಿನಿಂದ ನಾಲಿಗೆ ಹಾಕಿ ಹೀರಿ ಹೋಗುತ್ತದೆ. ಶಲಾಕೆ ತಾಗುವುದೇ ಇಲ್ಲ. ಹತ್ತು ನಿಮಿಷ ಒಂದು ಕೊಂಬೆಯ ಮುಂದೆ ನಿಂತು ನೋಡಿ: ಹುಳ ಹೂವಿನ ನಡುವೆ ಇಳಿದು ಕೇಸರಗಳ ಮೇಲೆ ನಡೆಯುತ್ತಿದೆಯೋ, ಬದಿಯಿಂದ ಕಳ್ಳಬಾಗಿಲಲ್ಲಿ ಹೀರುತ್ತಿದೆಯೋ. ಬದಿಯಿಂದಲೇ ಆದರೆ ಹುಳ ತುಂಬ ಇದ್ದೂ ಕಾಯಿ ಇಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು. ಆಗ ಪರಾಗ ಕೂಡಿಸಲು ಬರುವ ಹುಳಗಳು ಬೇಕು, ಅಂದರೆ ಮರಿ ಹೆಚ್ಚಿರುವ ಪೆಟ್ಟಿಗೆ. ಮರಿಗೆ ಪರಾಗವೇ ಆಹಾರ. ಬರೀ ಜೇನುತುಪ್ಪ ತುಂಬಿ ಮರಿಯಿಲ್ಲದ ಪೆಟ್ಟಿಗೆ ಬಾಡಿಗೆಗೆ ತಂದು ಪ್ರಯೋಜನವಿಲ್ಲ, ತೆಗೆಸಿ ನೋಡಿಯೇ ಹಣ ಕೊಡಿ.

ಗುಲಾಬಿ ಮೊಗ್ಗಿನಿಂದ ದಳ ಉದುರುವವರೆಗೆ ಕೀಟನಾಶಕ ಮುಟ್ಟಬೇಡಿ.

ಡ್ರಮ್ಮುಲೆಕ್ಕ
ಇದಕ್ಕೆ ಬೋರಾನ್ ಸೇರಿಸಿ. ಚೋದಕ ಅಲ್ಲ, ಪೋಷಕಾಂಶ, ಆದರೆ ಪರಾಗನಾಳ ಬೆಳೆಯಲು ಅದು ಬೇಕೇಬೇಕು. ಗುಲಾಬಿ ಮೊಗ್ಗಿನಲ್ಲಿ ಬೋರಿಕ್ ಆಮ್ಲ 0.1 ಪ್ರತಿಶತ, ಡ್ರಮ್ಮಿಗೆ 200 ಗ್ರಾಂ. ಮೊದಲು ಬಿಸಿನೀರಿನಲ್ಲಿ ಕರಗಿಸಿಕೊಂಡು ಸುರಿಯಿರಿ, ತಣ್ಣೀರಿಗೆ ನೇರ ಹಾಕಿದರೆ ತಳದಲ್ಲೇ ಕೂರುತ್ತದೆ. ಅರಳಿದ ಹೂವಿಗೆ ಇದನ್ನು ಸುರಿಯಬೇಡಿ.

ಕೊಡಗುಕಾಫಿ
ಇಲ್ಲೇ ಕೇಳಿಬಿಡುತ್ತೇನೆ. ಅನ್ನಾ, ಡಾರ್ಸೆಟ್ ಗೋಲ್ಡನ್, ಎಚ್‌ಆರ್‌ಎಂಎನ್-99 ಗಿಡಗಳು ಈಗ ಕರ್ನಾಟಕದ ನರ್ಸರಿಗಳಲ್ಲೂ ಮಾರಾಟಕ್ಕಿವೆ. ಇವಕ್ಕೆ ಈ ಚೋದಕಗಳು ಆಗುತ್ತವೆಯೇ? ಹೂ ಬರುತ್ತದೆ, ಒಂದು ಕೊಂಬೆ ಈಗ, ಇನ್ನೊಂದು ತಿಂಗಳ ನಂತರ.

ಬೀಜಕೋಶ
ನೀವು ಬರೆದ ಕೊನೆಯ ವಾಕ್ಯವೇ ರೋಗ. ಅನ್ನಾ ಇಸ್ರೇಲಿನದು, ಡಾರ್ಸೆಟ್ ಗೋಲ್ಡನ್ ಬಹಾಮಾಸ್‌ನದು, ಎಚ್‌ಆರ್‌ಎಂಎನ್-99 ಹಿಮಾಚಲದ ಬಿಲಾಸ್‌ಪುರದ ಹರಿಮನ್ ಶರ್ಮಾ ಬೆಳೆಸಿದ್ದು. ಚಳಿ ಕಡಿಮೆ ಬೇಕು ನಿಜ, ಆದರೆ 7 ಡಿಗ್ರಿಗಿಂತ ಕೆಳಗಿನ ತಾಸುಗಳನ್ನು ಎಣಿಸಿದರೆ ನಮ್ಮ ಬಹುತೇಕ ಊರುಗಳಲ್ಲಿ ಸೊನ್ನೆಯ ಹತ್ತಿರ. ಗಿಡ ಪೂರ್ತಿ ಮಲಗುವುದಿಲ್ಲ, ಪೂರ್ತಿ ಏಳುವುದೂ ಇಲ್ಲ, ಮೊಗ್ಗು ಚದುರಿ ಒಡೆಯುತ್ತದೆ. ಅನ್ನಾ ಅರಳಿದಾಗ ಡಾರ್ಸೆಟ್ ಮೊಗ್ಗು, ಡಾರ್ಸೆಟ್ ಅರಳಿದಾಗ ಅನ್ನಾ ಮುಗಿದಿರುತ್ತದೆ. ಅಲ್ಲಿಗೆ ಪ್ರೊಮಾಲಿನ್ ಹೊಡೆದು ಫಲವಿಲ್ಲ. ಹೂವನ್ನು ಒಂದೇ ವಾರಕ್ಕೆ ತರುವುದೇ ಅಲ್ಲಿನ ಕಾಯಿಕಚ್ಚಿಸುವ ಉಪಾಯ.

ಇಂಡೋನೇಷ್ಯಾದ ಪೂರ್ವ ಜಾವಾದ ಬಾತು, ಮಲಾಂಗ್ ಕಡೆ ಚಳಿಗಾಲವೇ ಇಲ್ಲದೆ ರೋಮ್ ಬ್ಯೂಟಿ ಬೆಳೆಯುತ್ತಾರೆ. ಕೊಯ್ಲಾದ ಕೆಲವು ವಾರಕ್ಕೆ ಎಲೆಗಳನ್ನೆಲ್ಲ ಕೈಯಿಂದ ಸವರಿ ತೆಗೆದು, ಕೊಂಬೆ ಬಗ್ಗಿಸಿ ಕಟ್ಟಿ, ಎಲ್ಲಾ ಮೊಗ್ಗು ಒಟ್ಟಿಗೆ ಒಡೆಯುವಂತೆ ಮಾಡುತ್ತಾರೆ. ವರ್ಷಕ್ಕೆ ಎರಡು ಫಸಲು. ನಮ್ಮಲ್ಲೂ ಮಳೆಗಾಲ ಮುಗಿದ ಮೇಲೆ ನೀರು ತಡೆದು, ನವೆಂಬರ್–ಡಿಸೆಂಬರ್‌ನಲ್ಲಿ ಎಲೆ ತೆಗೆದು, ಲಘು ಚಾಟನಿ ಮಾಡಿ, ಆಮೇಲೆ ನೀರು ಬಿಡುವುದು ಇದೇ ದಾರಿ. ಎರಡೂ ತಳಿಗೆ ಒಂದೇ ದಿನ ಎಲೆ ತೆಗೆದರೆ ಒಂದೇ ದಿನ ಅರಳುತ್ತವೆ ಅಂತ ಅಲ್ಲ. ತಡವಾಗುವ ತಳಿಯನ್ನು ಕೆಲವು ದಿನ ಮುಂಚೆ ಬೋಳಿಸಬೇಕು, ಆ ಅಂತರ ನಿಮ್ಮ ಊರಿನಲ್ಲೇ ನೋಡಿ ಗುರುತು ಹಾಕಿಕೊಳ್ಳಬೇಕು.

ದ್ರಾಕ್ಷಿಪಡಕು
ಅದಕ್ಕ ಡಾರ್ಮೆಕ್ಸ್ ಅದಲ್ಲರೀ. ಅಕ್ಟೋಬರ್ ಚಾಟನಿ ಆದ ಮ್ಯಾಲ ನಾವು ಕಡ್ಡಿಗೆ ಹಚ್ಚೋದು ಅದನ್ನ. ಲೀಟರಿಗೆ 30–40 ಮಿಲಿ.

ಬೀಜಕೋಶ
ಹೌದು, ಹೈಡ್ರೋಜನ್ ಸೈನಮೈಡ್. ಸೇಬಿಗೂ ಬಿಸಿ ಪ್ರದೇಶಗಳಲ್ಲಿ ಬಳಸುತ್ತಾರೆ, ಆದರೆ ದ್ರಾಕ್ಷಿಯ ಡೋಸ್ ತಂದು ಹಾಕಬೇಡಿ. 50 ಪ್ರತಿಶತದ ದ್ರಾವಣ ಲೀಟರಿಗೆ 10 ಮಿಲಿಯಿಂದ ಶುರು ಮಾಡಿ, ಮೊದಲು ಒಂದೆರಡು ಕೊಂಬೆಗೆ. ಮೊಗ್ಗು ಗಟ್ಟಿಯಾಗಿ ಮುಚ್ಚಿರಬೇಕು. ಉಬ್ಬಿ ತುದಿ ಹಸಿರಾದ ಮೇಲೆ ತಾಗಿದರೆ ಹೂಮೊಗ್ಗೇ ಸುಡುತ್ತದೆ. ಕೈಗವಸು, ಕನ್ನಡಕ, ಮೈ ಮುಚ್ಚುವ ಬಟ್ಟೆ ಕಡ್ಡಾಯ. ಸಿಂಪಡಿಸುವವರು ಹಿಂದಿನ ದಿನದಿಂದ ಮುಂದಿನ ಒಂದು ವಾರದವರೆಗೆ ಮದ್ಯ ಮುಟ್ಟಬಾರದು. ಮೈಯೊಳಗೆ ಹೋದ ಸೈನಮೈಡ್ ಆಲ್ಕೋಹಾಲಿನ ವಿಘಟನೆಯನ್ನು ತಡೆದು ಮುಖ ಕೆಂಪೇರಿ, ಎದೆಬಡಿತ ಏರಿ, ಉಸಿರು ಕಟ್ಟುತ್ತದೆ. ಕೂಲಿಗೆ ಬಂದವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು, ಚೀಟಿಯಲ್ಲಿ ಬರೆದಿದೆ ಅಂದರೆ ಸಾಲದು.

ಮಲೆಸೇಬು
ಈಗ ಯೋಜನೆ ಹೀಗೆ ಹಾಕಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಗುಲಾಬಿ ಮೊಗ್ಗಿಗೆ ಬೋರಿಕ್ 200 ಗ್ರಾಂ. ಶೇಕಡಾ ಹತ್ತು ಅರಳಿದಾಗ ಪೆಟ್ಟಿಗೆ, ಅದೇ ದಿನ ಹೂಗುಚ್ಛ. ಮಳೆ ಹಿಡಿದು ಮೂರು ದಿನ ಹುಳ ಹಾರದಿದ್ದರೆ ಪೂರ್ಣ ಅರಳಿದ ಹಂತಕ್ಕೆ ಪ್ರೊಮಾಲಿನ್ ಡ್ರಮ್ಮಿಗೆ 250 ಮಿಲಿ, ಅದರಲ್ಲೇ ಶಿಲೀಂಧ್ರನಾಶಕ ಮತ್ತು ಅಂಟುದ್ರಾವಣ, ಮಧ್ಯಾಹ್ನ ಮಳೆ ಬಿಟ್ಟ ಹೊತ್ತಿಗೆ. ಇಡೀ ತೋಟಕ್ಕೆ. ಕಸಿಗೆ ಗಾಲಾ ಮತ್ತು ಗ್ರಾನಿ ಸ್ಮಿತ್ ಕಡ್ಡಿ ಹೇಳಿಟ್ಟಿದ್ದೇನೆ.

ಡ್ರಮ್ಮುಲೆಕ್ಕ
ಮೂರು ತಿದ್ದುಪಡಿ.

ಪ್ರೊಮಾಲಿನ್ ಡ್ರಮ್ಮಿಗೆ ಶಿಲೀಂಧ್ರನಾಶಕವಾಗಲಿ ಇನ್ನಾವ ಔಷಧಿಯಾಗಲಿ ಸೇರಿಸಬೇಡಿ. ನೀರಿನ ಪಿಎಚ್ ನೋಡಿ, ಜಿಎ ಹುಳಿ ನೀರಿನಲ್ಲಿ ಸ್ಥಿರ, 8 ದಾಟಿದರೆ ಕೆಡುತ್ತದೆ. ಸಿಟ್ರಿಕ್ ಆಮ್ಲ ಚಿಟಿಕೆ ಚಿಟಿಕೆ ಹಾಕಿ 6ರ ಆಸುಪಾಸಿಗೆ ತನ್ನಿ, ಆಮೇಲೆ ಔಷಧಿ. ಬೋರ್ಡೋ ಅಥವಾ ಸುಣ್ಣ ಕಲಸಿದ ಡ್ರಮ್ಮನ್ನು ತೊಳೆಯದೆ ಬಳಸಿದರೆ ಪಿಎಚ್ ಅಲ್ಲೇ ಏರಿರುತ್ತದೆ. ಅಯಾನಿಕ್ ಅಲ್ಲದ ಅಂಟುದ್ರಾವಣ ಅತಿ ಕಡಿಮೆ ಪ್ರಮಾಣದಲ್ಲಿ ಪರವಾಗಿಲ್ಲ. ಕಲಸಿದ ದ್ರಾವಣ ಮರುದಿನಕ್ಕೆ ಇಡಬೇಡಿ.

ಮಧ್ಯಾಹ್ನ ಬೇಡ. ಎಲೆಯ ಮೇಲೆ ದ್ರಾವಣ ಎಷ್ಟು ಹೊತ್ತು ಒದ್ದೆಯಾಗಿರುತ್ತದೋ ಅಷ್ಟು ಒಳಗೆ ಇಳಿಯುತ್ತದೆ. ಗಾಳಿಯಿಲ್ಲದ ಸಂಜೆ, 15 ಡಿಗ್ರಿಗಿಂತ ಮೇಲಿರುವಾಗ, ಮುಂದಿನ ಆರು ಗಂಟೆ ಮಳೆ ಬಾರದ ಹೊತ್ತು ನೋಡಿಕೊಳ್ಳಿ. ಹುಳಗಳೂ ಗೂಡು ಸೇರಿರುತ್ತವೆ. ಪೂರ್ತಿ ಬೆಳೆದ ಗಿಡಕ್ಕೆ ಹತ್ತು ಲೀಟರ್ ಲೆಕ್ಕ, ಡ್ರಮ್ಮಿಗೆ 20 ಗಿಡ. ಒಂದೇ ಡ್ರಮ್ಮನ್ನು 40 ಗಿಡಕ್ಕೆ ಹಂಚಿದರೆ ಹೂವಿಗೆ ಸಿಗುವುದು ಅರ್ಧ ಡೋಸ್.

ಇಡೀ ತೋಟಕ್ಕೆ ಹೊಡೆದರೆ ಔಷಧಿ ಕೆಲಸ ಮಾಡಿತೋ, ಬಿಸಿಲು ಬಂದು ತಾನೇ ನಿಂತಿತೋ ತಿಳಿಯುವುದಿಲ್ಲ. ಒಂದೇ ವಯಸ್ಸಿನ ಐದು ಗಿಡ ಬಿಟ್ಟುಬಿಡಿ. ಆ ಐದರಲ್ಲೂ ಸಿಂಪಡಿಸಿದ ಐದರಲ್ಲೂ ನಾಲ್ಕು ದಿಕ್ಕಿಗೆ ಒಂದೊಂದು ಕೊಂಬೆಗೆ ದಾರ ಕಟ್ಟಿ, ಅರಳುವಾಗ ಗೊಂಚಲು ಎಣಿಸಿ ಬರೆದಿಡಿ. ದಳ ಉದುರಿದ ಮೂರು ವಾರಕ್ಕೆ ಒಮ್ಮೆ, ಜೂನ್ ಉದುರು ಮುಗಿದ ಮೇಲೆ ಇನ್ನೊಮ್ಮೆ ಕಾಯಿ ಎಣಿಸಿ. ನೂರು ಗೊಂಚಲಿಗೆ ಎಷ್ಟು ಕಾಯಿ ಎಂದು ಹೋಲಿಸಿ. ಮೊದಲ ಎಣಿಕೆಯೊಂದನ್ನೇ ನಂಬಬೇಡಿ, ಬೀಜವಿಲ್ಲದ ಕಾಯಿ ಮೇ ತಿಂಗಳಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಬೀಜಕೋಶ
ಕಸಿಯ ಆಯ್ಕೆ ಸರಿ, ಗಾಲಾ ಮತ್ತು ಗ್ರಾನಿ ಸ್ಮಿತ್ ಎರಡರ ಪರಾಗವೂ ಡೆಲಿಷಸ್‌ಗೆ ಹೊಂದುತ್ತದೆ. ಯಾರಾದರೂ ಜೊನಾಗೋಲ್ಡ್ ಅಥವಾ ಮುತ್ಸು ಕಡ್ಡಿ ಕೊಟ್ಟರೆ ಪರಾಗದಾನಿ ಅಂತ ಕಟ್ಟಬೇಡಿ, ಅವು ಎರಡರ ಬದಲು ಮೂರು ಸೆಟ್ ವರ್ಣತಂತು ಇರುವವು, ಪರಾಗ ಕೆಲಸಕ್ಕೆ ಬಾರದು. ಬೇಲಿ ಬದಿಗೆ ಮತ್ತೆ ನೆಡುವ ಬದಲು ಪ್ರತಿ ಮೂರನೇ ಗಿಡದ ಮೇಲ್ಭಾಗದ ಒಂದು ಕೊಂಬೆಗೆ ಕಸಿ ಕಟ್ಟಿ, ಬಣ್ಣ ಬಳಿದು ಗುರುತು ಮಾಡಿ. ಚಾಟನಿಗೆ ಬಂದ ಆಳು ಗೊತ್ತಿಲ್ಲದೆ ಮೊದಲು ಕಡಿಯುವುದು ಆ ಕೊಂಬೆಯನ್ನೇ.

ಮಲೆಸೇಬು
ಬಣ್ಣ ಯಾವುದಾದರೂ ನಡೆಯುತ್ತದೆಯೇ?

ಬೀಜಕೋಶ
ನೀರಿನಲ್ಲಿ ಕರಗುವ ಬಿಳಿ ಲೇಟೆಕ್ಸ್. ಎಣ್ಣೆ ಬಣ್ಣ ಬೇಡ, ಎಳೆ ತೊಗಟೆ ಸುಡುತ್ತದೆ. ಕಸಿಗಿಂತ ಒಂದು ಗೇಣು ಕೆಳಗೆ ಬಳಿಯಿರಿ.